ಟೈಮಿಂಗ್ ಬೆಲ್ಟಿನ ಜೊತೆಗೆ ವಾಟರ್ ಪಂಪನ್ನೂ ಏಕೆ ಬದಲಿಸಬೇಕು?

ಪ್ರಶ್ನೆ: ನಮ್ಮದು ಡೀಸೆಲ್ ಡಸ್ಟರ್. ಟೈಮಿಂಗ್ ಬೆಲ್ಟ್ ಬದಲಿಸುವ ಸಮಯ ಬಂದಿದೆ. ವಾಟರ್ ಪಂಪ್ ಸೋರುತ್ತಿಲ್ಲ, ಸದ್ದನ್ನೂ ಮಾಡುತ್ತಿಲ್ಲ. ಆದರೂ ಗ್ಯಾರೇಜಿನವರು ಅದನ್ನೂ ಬದಲಿಸಬೇಕು ಎನ್ನುತ್ತಾರೆ. ಇದು ನಿಜಕ್ಕೂ ಅಗತ್ಯವೇ? ಈ ಕೆಲಸವನ್ನು ತೋಟದ ಶೆಡ್ಡಿನಲ್ಲಿ ನಾವೇ ಮಾಡಿಕೊಳ್ಳಬಹುದೇ?

ಉತ್ತರ: ಕಾಫಿ ಕೊಯ್ಲು ಮುಗಿದು, ಬಿಡುವೂ ಹಣವೂ ಕೈಯಲ್ಲಿ ಒಟ್ಟಿಗೆ ಇರುವ ತಿಂಗಳುಗಳಲ್ಲಿ ಪ್ರತಿ ವರ್ಷವೂ ಈ ಪ್ರಶ್ನೆ ಬರುತ್ತದೆ, ಕಾರಿನ ಹೆಸರು ಮಾತ್ರ ಬದಲಾಗುತ್ತದೆ. ಗ್ಯಾರೇಜಿನವರು ಹೇಳಿದ್ದು ಸರಿ. ಡಸ್ಟರ್ ಡೀಸೆಲ್, ಪೋಲೋ ಡೀಸೆಲ್, ಫಿಯೆಸ್ಟಾದ 1.4 ಲೀಟರ್ ಡೀಸೆಲ್ ಮುಂತಾದ ಇಂಜಿನ್‌ಗಳಲ್ಲಿ, ಇಂಜಿನ್ ತಣಿಸುವ ನೀರನ್ನು ಹರಿಸುವ ವಾಟರ್ ಪಂಪನ್ನು ತಿರುಗಿಸುವುದೇ ಟೈಮಿಂಗ್ ಬೆಲ್ಟ್. ಪಂಪನ್ನು ಮುಟ್ಟಬೇಕಾದರೆ ಚಕ್ರ, ಕವರ್, ಪುಲ್ಲಿ, ಒಂದು ಕಡೆಯ ಇಂಜಿನ್ ಮೌಂಟ್, ಕೊನೆಗೆ ಬೆಲ್ಟ್, ಇವೆಲ್ಲವನ್ನೂ ಬಿಚ್ಚಲೇಬೇಕು. ಇಷ್ಟೆಲ್ಲ ಬಿಚ್ಚಿ ಹಳೆಯ ಪಂಪನ್ನು ಹಾಗೆಯೇ ಬಿಟ್ಟು ಮುಚ್ಚಿದರೆ, ಮುಂದೆ ಅದು ಸೋರಿದ ದಿನ ಅದೇ ಕೂಲಿಯನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ. ಒಮ್ಮೆ ಓಡಿ ಕಳಚಿದ ಬೆಲ್ಟನ್ನು ಮರಳಿ ಹಾಕಬಾರದಾದ್ದರಿಂದ ಬೆಲ್ಟಿನ ಹಣವೂ ಹೋಗುತ್ತದೆ. ಸ್ವಿಫ್ಟ್ ಡೀಸೆಲ್‌ನಲ್ಲಿ ಬೆಲ್ಟಿನ ಬದಲು ಚೈನ್ ಇರುವುದರಿಂದ ಅದರ ಮಾಲೀಕರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಪಂಪಿನ ಬೇರಿಂಗ್ ಹಿಡಿದುಕೊಂಡರೆ ಬೆಲ್ಟಿನ ಹಲ್ಲುಗಳು ಕಿತ್ತುಹೋಗುತ್ತವೆ ಅಥವಾ ಬೆಲ್ಟೇ ತುಂಡಾಗುತ್ತದೆ. ಈ ಬೆಲ್ಟ್, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಎಂಬ ದಂಡವನ್ನು ವಾಲ್ವುಗಳನ್ನು ತೆರೆಯುವ ಕ್ಯಾಮ್ ಎಂಬ ದಂಡಕ್ಕೆ ಜೋಡಿಸುತ್ತದೆ; ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಆ ಹೊಂದಾಣಿಕೆ ತಪ್ಪಿದ ಕ್ಷಣದಲ್ಲಿ, ತೆರೆದು ನಿಂತ ವಾಲ್ವುಗಳಿಗೆ ಮೇಲೇರುವ ಪಿಸ್ಟನ್ ಬಡಿಯುತ್ತದೆ. ಆಗ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸದೆ ಗತಿಯಿಲ್ಲ. ಪಂಪಿನ ಬೆಲೆ ನೋಡಿ ಹಿಂದೆಮುಂದೆ ನೋಡುವವರು ಹೆಡ್ ಇಳಿಸಲು ಎಷ್ಟಾಗುತ್ತದೆ ಎಂದು ಒಮ್ಮೆ ವಿಚಾರಿಸಿ ನೋಡಬೇಕು.

ಇಷ್ಟು ಹೇಳಿದ ಮೇಲೆ ಎಲ್ಲರೂ ಆಡುವ ಮಾತು ಒಂದೇ: "ನಮ್ಮ ಮಡಿಕೇರಿ ಚಳಿಗೆ ಇಂಜಿನ್ ಎಲ್ಲಿ ಬಿಸಿಯಾಗುತ್ತದೆ? ಕೂಲೆಂಟ್ ಎಲ್ಲ ಬಯಲುಸೀಮೆಯವರಿಗೆ. ನಮಗೆ ತೋಡಿನ ನೀರೇ ಸಾಕು." ಈ ನಂಬಿಕೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಅದು ಮುಂದಿನ ಮಳೆಗಾಲದ ಹೊತ್ತಿಗೆ ಮತ್ತೆ ಚಿಗುರಿರುತ್ತದೆ. ವಾಟರ್ ಪಂಪನ್ನು ಅವಧಿಗೆ ಮುನ್ನ ಕೊಲ್ಲುವುದು ಮುಖ್ಯವಾಗಿ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲನೆಯದಾಗಿ, ಹೊರಗೆ ಎಷ್ಟೇ ಚಳಿಯಿರಲಿ, ಇಂಜಿನ್ನಿನ ಒಳಗಿನ ನೀರು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲಿಯೇ ಇರುವಂತೆ ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ. ಮಂಗಳೂರಿನ ಸೆಖೆಗೂ ಮಡಿಕೇರಿಯ ಮಂಜಿಗೂ ಅದು ಹಿಡಿಯುವ ಗುರಿ ಒಂದೇ. ಚಳಿಯಲ್ಲಿ ಆ ಗುರಿ ಮುಟ್ಟಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ. ಇನ್ನು ಎತ್ತರದ ಮಾತು. ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಅಂದರೆ ಬರಿ ನೀರು ತುಂಬಿದ, ಒತ್ತಡ ಹಿಡಿಯದ ರೇಡಿಯೇಟರ್ ಇರುವ ಕಾರಿಗೆ ಘಟ್ಟದ ಮೇಲೆ ಉಳಿಯುವ ಅಂತರ ಐದಾರು ಡಿಗ್ರಿ ಮಾತ್ರ. ಸಂಪಾಜೆಯಿಂದ ಮೇಲೆ, ತುಂಬಿದ ಕಾರಿನಲ್ಲಿ, ಲಾರಿಯ ಹಿಂದೆ ಎರಡನೆಯ ಗೇರಿನಲ್ಲಿ ಹತ್ತುವಾಗ ಅಷ್ಟು ಏರಲು ಎಷ್ಟು ಹೊತ್ತು ಬೇಕು? ರೇಡಿಯೇಟರ್ ಮುಚ್ಚಳ ಒತ್ತಡವನ್ನು ಸರಿಯಾಗಿ ಹಿಡಿದಿಟ್ಟರೆ ಕುದಿಯುವ ಮಟ್ಟ 115 ಡಿಗ್ರಿಯನ್ನೂ ದಾಟುತ್ತದೆ. ಕೂಲೆಂಟ್ ಬೆರೆತಿದ್ದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಸೋರುವ ಪಂಪ್ ಮೊದಲು ಕಳೆಯುವುದು ಈ ಒತ್ತಡವನ್ನೇ.

ಎರಡನೆಯ ವಾದ ಇದಕ್ಕಿಂತ ಜಾಣತನದ್ದು: "ನಮ್ಮ ನೀರು ಸಿಹಿ, ಪಾತ್ರೆಗೂ ಬಿಳಿ ಹೊರೆ ಕಟ್ಟುವುದಿಲ್ಲ, ರೇಡಿಯೇಟರಿಗೆ ಹೇಗೆ ಕಟ್ಟುತ್ತದೆ?" ಕಟ್ಟುವುದಿಲ್ಲ, ನಿಜ. ಆದರೆ ಹೊರೆ ಕಟ್ಟದ ಮೃದು ನೀರು ಲೋಹವನ್ನು ಕರಗಿಸುವುದರಲ್ಲಿ ಗಡಸು ನೀರಿಗಿಂತ ಮುಂದಿರುತ್ತದೆ. ಮಣ್ಣು ಹುಳಿಯೆಂದು ತೋಟಕ್ಕೆ ಸುಣ್ಣ ಚೆಲ್ಲಿಸುವ ಬೆಳೆಗಾರರಿಗೆ, ಅದೇ ಮಣ್ಣಿನಿಂದ ಬಸಿದು ಬರುವ ತೋಡಿನ ನೀರು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹರಿದು ಬಂದ ಹೊಸ ನೀರಿನಲ್ಲಿ ಕರಗಿರುವ ಆಮ್ಲಜನಕವೂ ಹೆಚ್ಚು. ಈ ನೀರು ಬ್ಲಾಕಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಹೆಡ್ಡಿನ ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ. ಕಿತ್ತುಬಂದ ತುಕ್ಕಿನ ಪುಡಿ ಪಂಪಿನ ಸೀಲಿನ ನಡುವೆ ಸಿಕ್ಕಿ ಅದರ ನುಣುಪಾದ ಮುಖವನ್ನು ಉಜ್ಜಿ ಹಾಳುಮಾಡುತ್ತದೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುವುದು ಈ ಕಾರಣಕ್ಕೆ. ಕೂಲೆಂಟ್ ಎಂದರೆ ಹಿಮನಿರೋಧಕ, ಹಿಮ ಬೀಳದ ಊರಿಗೆ ಅದು ಏಕೆ ಎಂದು ಕೇಳುವವರು ಅದರ ಅರ್ಧ ಕೆಲಸವನ್ನು ಮಾತ್ರ ಬಲ್ಲವರು.

"ಹಾಗಾದರೆ ತೋಟಕ್ಕೆ ನೀರು ಹಾಯಿಸುವ ಪಂಪ್‌ಸೆಟ್ಟು ಕೆರೆ ನೀರಿನಲ್ಲೇ ತಣಿದುಕೊಂಡು ವರ್ಷಗಟ್ಟಲೆ ಓಡುತ್ತದಲ್ಲ?" ಎಂಬುದು ಕೊನೆಯ ಅಸ್ತ್ರ. ಓಡುತ್ತದೆ, ಏಕೆಂದರೆ ಅದು ದಪ್ಪ ಎರಕದ ಕಬ್ಬಿಣದ ಇಂಜಿನ್. ಒಂದು ಕಡೆಯಿಂದ ಹೊಸ ನೀರು ಒಳಬಂದು ಇನ್ನೊಂದು ಕಡೆಯಿಂದ ಹೊರಹೋಗುತ್ತದೆ, ಬಿಸಿ ಏರುವುದೂ ಕಡಿಮೆ. ಹಳೆಯ ಜೀಪುಗಳ ಕಬ್ಬಿಣದ ಬ್ಲಾಕು, ಹಿತ್ತಾಳೆಯ ರೇಡಿಯೇಟರುಗಳೂ ಇಂಥ ನೀರನ್ನು ಬಹಳ ಕಾಲ ತಡೆದುಕೊಂಡವು, ಮತ್ತು ಈ ನಂಬಿಕೆ ಹುಟ್ಟಿದ್ದು ಆ ಕಾಲದಲ್ಲಿಯೇ. ಇಂದಿನ ಕಾರಿನ ತೆಳ್ಳನೆಯ ಅಲ್ಯೂಮಿನಿಯಮ್ ರೇಡಿಯೇಟರಿಗೆ ಆ ಸಹನೆ ಇಲ್ಲ.

ಇನ್ನು ಮನೆಯಲ್ಲಿ ಮಾಡಬಹುದೇ ಎಂಬ ಪ್ರಶ್ನೆ. ಕ್ಲಚ್ ಪ್ಲೇಟ್ ಬದಲಿಸಿ ಅಭ್ಯಾಸವಿರುವವರು, ಬೋಲ್ಟಿನ ಬಿಗಿತ ಅಳೆಯುವ ಟಾರ್ಕ್ ರೆಂಚ್ ಇರುವವರು, ತಮ್ಮ ಇಂಜಿನ್ನಿಗೆ ಸರಿಹೊಂದುವ ಲಾಕಿಂಗ್ ಪಿನ್ನುಗಳನ್ನು ತರಿಸಿಕೊಂಡವರು ಮಾಡಬಹುದು. ಹಳೆಯ ಬೆಲ್ಟಿನ ಮೇಲೆ ಸುಣ್ಣದ ಗೆರೆ ಎಳೆದು ಹೊಸದಕ್ಕೆ ನಕಲು ಮಾಡುತ್ತೇನೆ ಎನ್ನುವವರು ದಯವಿಟ್ಟು ಗ್ಯಾರೇಜಿಗೆ ಹೋಗಬೇಕು. ಕಾರನ್ನು ಜ್ಯಾಕಿನ ಮೇಲೆ ಮಾತ್ರ ಬಿಡದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮೌಂಟ್ ಬಿಚ್ಚುವ ಮುನ್ನ ಸಂಪಿನ (ಇಂಜಿನ್ನಿನ ತಳದ ಆಯಿಲ್ ತೊಟ್ಟಿಯ) ಕೆಳಗೆ ಮರದ ಹಲಗೆಯಿಟ್ಟು ಇನ್ನೊಂದು ಜ್ಯಾಕಿನಿಂದ ಇಂಜಿನ್ನಿಗೆ ಆಸರೆ ಕೊಡಬೇಕು. ಬೆಲ್ಟ್ ಕಳಚುವ ಮೊದಲು ಕ್ರ್ಯಾಂಕನ್ನೂ ಕ್ಯಾಮನ್ನೂ ಪಿನ್ ಹಾಕಿ ಬಂಧಿಸಬೇಕು. ಆದರೆ ಪುಲ್ಲಿಯ ಬೋಲ್ಟ್ ಸಡಿಲಿಸುವಾಗ ಬಲವನ್ನು ಆ ಪಿನ್ನಿನ ಮೇಲೆ ಹಾಕಬಾರದು, ಅದು ಅಂಥ ಬಲ ತಡೆಯಲು ಮಾಡಿದ್ದಲ್ಲ. ಪಂಪ್ ಕೂರುವ ಜಾಗದಲ್ಲಿ ಹಳೆಯ ಗ್ಯಾಸ್ಕೆಟ್ಟಿನ ಚೂರೂ ಉಳಿಯದಂತೆ ಕೆರೆದು ಒರೆಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದಕ್ಕೆ ದಾರಿ ತೋರುವ ಐಡ್ಲರ್ ಎರಡನ್ನೂ ಹೊಸದಾಗಿ ಹಾಕಬೇಕು. ಎಲ್ಲ ಮುಗಿದು ಪಿನ್ ತೆಗೆದ ನಂತರ ಕ್ರ್ಯಾಂಕನ್ನು ಸ್ಪ್ಯಾನರಿನಿಂದ, ಕೈಯಲ್ಲಿಯೇ, ಪೂರ್ತಿ ಎರಡು ಸುತ್ತು ತಿರುಗಿಸಿ ಪಿನ್ನುಗಳು ಮತ್ತೆ ಸಲೀಸಾಗಿ ಕೂರುತ್ತವೆಯೇ ಎಂದು ನೋಡಬೇಕು. ಎಲ್ಲಾದರೂ ತಡೆದಂತಾದರೆ ಅಲ್ಲಿಗೆ ನಿಲ್ಲಿಸಬೇಕು. ಬಲ ಹಾಕಿದರೆ ಬಾಗುವುದು ವಾಲ್ವು. ಸ್ಟಾರ್ಟರ್ ಮುಟ್ಟುವುದು ಅದೆಲ್ಲ ಸರಿಯಿದ್ದ ಮೇಲೆ.

ಕಾರು ಶೆಡ್ಡಿನಲ್ಲೇ ಇತ್ತು, ಕಿಲೋಮೀಟರ್ ಓಡಿಲ್ಲ ಎಂಬ ಸಮಾಧಾನವೂ ಬೇಡ. ಬೆಲ್ಟ್ ರಬ್ಬರಿನದು, ನಿಂತಲ್ಲಿಯೂ ಹಳತಾಗುತ್ತದೆ. ಕೈಪಿಡಿಯಲ್ಲಿ ಕಿಲೋಮೀಟರ್ ಮತ್ತು ವರ್ಷ ಎರಡೂ ಇದ್ದರೆ ಯಾವುದು ಮೊದಲು ಬರುತ್ತದೋ ಅದೇ ಗಡುವು.

ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ: ಕೆಳಗಿಳಿಸಿದ ಹಳೆಯ ಕೂಲೆಂಟನ್ನು ಏನು ಮಾಡುವುದು? ಶೆಡ್ಡಿನ ಹಿಂದಿನ ಚರಂಡಿಗೆ ಸುರಿಯುವುದು ರೂಢಿ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ತೋಟದ ಮನೆಯಲ್ಲಿ ನಾಯಿ ಇರುವುದು ಇದ್ದೇ ಇದೆ. ನೆಲದ ಮೇಲೆ ನಿಂತ ಸ್ವಲ್ಪವನ್ನು ಅದು ನೆಕ್ಕಿದರೂ ಮೂತ್ರಪಿಂಡ ಕೆಟ್ಟು ಸಾಯಬಹುದು. ಹಾಗೇನಾದರೂ ಆದರೆ ಲಕ್ಷಣ ಕಾಣುವವರೆಗೆ ಕಾಯದೆ ತಕ್ಷಣ ಪಶುವೈದ್ಯರ ಬಳಿಗೆ ಒಯ್ಯಬೇಕು. ಆದ್ದರಿಂದ ಅಗಲ ಬಾಯಿಯ ಟ್ರೇ ಇಟ್ಟು ಹಿಡಿದು, ಬಿಗಿ ಮುಚ್ಚಳದ ಕ್ಯಾನಿಗೆ ತುಂಬಿ, ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಬೇಕು. ಕುಡಿಯುವ ನೀರಿನ ಖಾಲಿ ಬಾಟಲಿಗೆ ಎಂದಿಗೂ ತುಂಬಬಾರದು. ಬಿಡಿಭಾಗ ತರಲು ಕುಶಾಲನಗರಕ್ಕೋ ಮೈಸೂರಿಗೋ ಹೋಗುವಾಗ, ಹಳೆಯ ಕೂಲೆಂಟನ್ನು ತೆಗೆದುಕೊಳ್ಳುವ ಸರ್ವಿಸ್ ಸೆಂಟರ್ ಯಾವುದೆಂದು ಮೊದಲೇ ಫೋನಿನಲ್ಲಿ ಕೇಳಿಕೊಂಡರೆ ಕ್ಯಾನನ್ನು ಅದೇ ಪಯಣದಲ್ಲಿ ಒಪ್ಪಿಸಿ ಬರಬಹುದು.