ಬಗ್ ಲೆಕ್ಕವನ್ನು ಹೆಸರಿಗೆ ಕಟ್ಟಬೇಡಿ

ಪ್ರಶ್ನೆ: ಬೆಳಗಾವಿಯಲ್ಲಿ ನಮ್ಮದು ಹದಿನೈದು ಜನರ ಸಾಫ್ಟ್‌ವೇರ್ ಕಂಪನಿ. ಯಾರ ಕೋಡ್‌ನಲ್ಲಿ ಎಷ್ಟು ಬಗ್ (ದೋಷ) ಸಿಕ್ಕವು ಎಂದು ಲೆಕ್ಕವಿಟ್ಟು ಇನ್‌ಕ್ರಿಮೆಂಟಿಗೆ ಜೋಡಿಸಿದರೆ ಗುಣಮಟ್ಟ ಸುಧಾರಿಸುತ್ತದೆಯೇ?

ಇಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಆದ್ದರಿಂದ ಈ ಸಲ ಬಿಡಿಸಿಯೇ ಬರೆಯುತ್ತೇನೆ.

ಲೆಕ್ಕ ಶುರುವಾದ ತಿಂಗಳೇ ಬಗ್‌ಗಳ ಸಂಖ್ಯೆ ಇಳಿಯುತ್ತದೆ. ಮಾಲೀಕರು ಖುಷಿಪಡುತ್ತಾರೆ. ಆದರೆ ಬಗ್‌ಗಳು ಹೋಗಿಲ್ಲ, ಅಡಗಿವೆ ಅಷ್ಟೇ. ನಿಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿಯವರನ್ನು (ಎರಕದ ಕಾರ್ಖಾನೆಯವರನ್ನು) ಕೇಳಿ ನೋಡಿ: ಪ್ರತಿ ರಿಜೆಕ್ಷನ್‌ಗೂ ಅಚ್ಚು ಕಟ್ಟುವ ಮೋಲ್ಡರ್‌ನ ಕೂಲಿ ಕಡಿದರೆ ಅವನು ಎರಕದಲ್ಲಿ ಗಾಳಿಯಿಂದಾದ ತೂತಿಗೆ (ಬ್ಲೋಹೋಲ್) ಪುಟ್ಟಿ ತುಂಬಿ ಮುಂದೆ ಕಳಿಸುತ್ತಾನೆ, ತೂತು ಕಾಣುವುದು ಗಿರಾಕಿಯ ಲೇತ್ ಮೇಲೆ.

ಇಂಥದ್ದೇ ಲೆಕ್ಕವಿಡುತ್ತಿದ್ದ ಒಂದು ಕಚೇರಿಯ ಬೆಳಗಿನ ಸಭೆಯಲ್ಲಿ ನಾನು ಕುಳಿತಿದ್ದೆ. ಒಬ್ಬ ಹುಡುಗಿ ಮೂರು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದಳು. ಮ್ಯಾನೇಜರ್ ಡೈರಿ ತೆರೆದ ಕೂಡಲೇ "ಎಲ್ಲ ಸರಿ ಇದೆ ಸರ್" ಎಂದಳು. ಸಭೆ ಮುಗಿದ ಮೇಲೆ ಟೆಸ್ಟರ್ ಬಂದು ಬಗ್ ಅನ್ನು ಚೀಟಿಯಲ್ಲಿ ಬರೆದುಕೊಟ್ಟ. ಸಿಸ್ಟಂನಲ್ಲಿ ಹಾಕಿದರೆ ಅವಳ ಹೆಸರಿಗೆ ಬೀಳುತ್ತದಲ್ಲ! ದಿನಾಂಕ ಹಿಂದುಮುಂದಾಗುವ ಅದೇ ತಪ್ಪನ್ನು ಇನ್ನೂ ಮೂವರು ಮಾಡಿ, ಚೀಟಿಯಲ್ಲೇ ತಿದ್ದಿಕೊಂಡಿದ್ದರು. ನಾಲ್ಕು ಚೀಟಿಗಳು ಒಂದೆಡೆ ಸೇರಿದ್ದರೆ ಗ್ರಾಹಕರು ಕೊಟ್ಟ ನಮೂನೆಯೇ ಅಸ್ಪಷ್ಟ ಎಂದು ಒಂದೇ ದಿನದಲ್ಲಿ ತಿಳಿಯುತ್ತಿತ್ತು.

ಇದು ನನ್ನ ಒಬ್ಬನ ಅನುಭವವಲ್ಲ. ಐಬಿಎಂನ ಮೈಕೇಲ್ ಫೇಗನ್ 1976ರಲ್ಲಿ ಕೋಡ್ ತಪಾಸಣೆಯ ಕ್ರಮವನ್ನು ವಿವರಿಸಿದಾಗಲೇ, ಅಲ್ಲಿ ಸಿಕ್ಕ ದೋಷಗಳನ್ನು ನೌಕರರ ಮೌಲ್ಯಮಾಪನಕ್ಕೆ ಬಳಸಬಾರದು ಎಂದು ಎಚ್ಚರಿಸಿದ್ದರು. ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದ ಏಮಿ ಎಡ್ಮಂಡ್‌ಸನ್ 1996ರಲ್ಲಿ ಪ್ರಕಟಿಸಿದ್ದೂ ಇದನ್ನೇ: ಒಳ್ಳೆಯ ತಂಡಗಳಲ್ಲಿ ಹೆಚ್ಚು ತಪ್ಪುಗಳು ದಾಖಲಾಗಿದ್ದವು, ಏಕೆಂದರೆ ಅಲ್ಲಿ ಬಾಯಿಬಿಟ್ಟು ಹೇಳಲು ಯಾರೂ ಅಂಜುತ್ತಿರಲಿಲ್ಲ.

ಲೆಕ್ಕ ಬೇಕು, ಖಂಡಿತ ಬೇಕು. ಯಾವ ಬಗೆಯ ತಪ್ಪು, ಯಾವ ಹಂತದಲ್ಲಿ ಹುಟ್ಟಿತು, ಎಲ್ಲಿ ಸಿಕ್ಕಿತು ಎಂದು ಬರೆಯಿರಿ. ಹೆಸರಿನ ಕಾಲಂ ತೆಗೆದುಹಾಕಿ. ಕೋಡ್ ತಪಾಸಣೆಗೆ ಇನ್‌ಕ್ರಿಮೆಂಟ್ ಬರೆಯುವವರು ಕೂರಬಾರದು.

ಈ ಅಂಜಿಕೆ ಬಂದದ್ದಾದರೂ ಎಲ್ಲಿಂದ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಯಾವುದೇ ಎಂಜಿನಿಯರಿಂಗ್ ವಿದ್ಯಾರ್ಥಿಯ ಲ್ಯಾಬ್ ರೆಕಾರ್ಡ್ ತೆರೆಯಿರಿ: ಪ್ರೋಗ್ರಾಂ, ಔಟ್‌ಪುಟ್, ಸಹಿ. ನಡುವೆ ಬಂದ ಎರರ್‌ಗಳಿಗೆ ಒಂದು ಸಾಲಿನ ಜಾಗವೂ ಇಲ್ಲ. ನಾಲ್ಕು ವರ್ಷ ಇದನ್ನೇ ಕಲಿತವರು ಸಭೆಯಲ್ಲಿ ಏನು ಹೇಳಿಯಾರು? ನನ್ನ ತರಗತಿಯಲ್ಲಿ ಎಡಪುಟ ಎರರ್‌ಗಳಿಗೇ ಮೀಸಲು. ಮೊದಲ ವಾರ ಎಲ್ಲರ ಎಡಪುಟ ಖಾಲಿ ಇರುತ್ತದೆ. ದೀಪಾವಳಿಯ ಹೊತ್ತಿಗೆ ಬಲಪುಟಕ್ಕಿಂತ ಅದೇ ತುಂಬಿರುತ್ತದೆ. ನಾನು ಸಹಿ ಹಾಕುವುದು ಅಲ್ಲಿ.