ಶಕ್ತಿ ಯೋಜನೆ ಇಟ್ಕೊಂಡು ರಿಸರ್ಚ್ ಮೆಥಡ್ಸ್ ಓದೋಣ

ಡೆಫಿನಿಷನ್ ಎಲ್ರಿಗೂ ಬಾಯಿಪಾಠ ಇರುತ್ತೆ, ಆದ್ರೆ ಪರೀಕ್ಷೆ ಪೇಪರಲ್ಲಿ ಒಂದು ಯೋಜನೆ ಹೆಸರು ಕೊಟ್ಟು ಇದನ್ನ ಹೆಂಗೆ ಮೌಲ್ಯಮಾಪನ ಮಾಡ್ತೀರಿ ಅಂತ ಕೇಳಿದ್ರೆ ಪೆನ್ನೇ ಓಡಲ್ಲ. ಅದಕ್ಕೇ ಶಕ್ತಿ ಯೋಜನೆ ತಗೊಂಡಿದೀನಿ.

2023ರ ಜೂನ್ 11ಕ್ಕೆ ಶುರುವಾಯ್ತು. ಸರ್ಕಾರದ ನಾಲ್ಕೂ ಸಾರಿಗೆ ನಿಗಮದ ಸಾಮಾನ್ಯ ಬಸ್ಸಲ್ಲಿ ರಾಜ್ಯದ ಹೆಣ್ಮಕ್ಕಳಿಗೆ ಫ್ರೀ, ಕಂಡಕ್ಟರ್ ಶೂನ್ಯ ಟಿಕೆಟ್ ಕೊಡ್ತಾರೆ, ಆ ಟಿಕೆಟ್ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ದುಡ್ಡು ಕಟ್ಟಿಕೊಡ್ಬೇಕು. ನ್ಯೂಸಲ್ಲಿ ಬರೋ ಕೋಟಿಗಟ್ಟಲೆ ಪ್ರಯಾಣ ಅನ್ನೋದು ಈ ಟಿಕೆಟ್ ಎಣಿಕೆ, ಜನರ ಎಣಿಕೆ ಅಲ್ಲ. ತುಮಕೂರಿಂದ ಬಂದು ಮೆಜೆಸ್ಟಿಕ್ಕಲ್ಲಿ ಬಿಎಂಟಿಸಿ ಹತ್ತಿ ಜಯನಗರಕ್ಕೆ ಹೋಗಿ ಸಂಜೆ ಹಂಗೇ ವಾಪಸ್ ಹೋದ ಅಕ್ಕ ಒಬ್ರೇ, ಟಿಕೆಟ್ ಮಾತ್ರ ನಾಲ್ಕು. ಅದೂ ಬರೀ ಔಟ್‌ಪುಟ್, ಅಂದ್ರೆ ಯೋಜನೆ ಎಷ್ಟು ಕೊಟ್ತು ಅನ್ನೋ ಲೆಕ್ಕ. ದೂರದ ಕೆಲಸಕ್ಕೆ ಸೇರಿದ್ರಾ, ಉಳಿದ ದುಡ್ಡು ಯಾರ ಕೈಲಿದೆ, ಹಿಂಗೆ ಬದುಕಲ್ಲಿ ಏನು ಬದಲಾಯ್ತು ಅನ್ನೋದು ಔಟ್‌ಕಮ್.

ಈಗ ಅಸಲಿ ತಲೆನೋವು, ಹೋಲಿಕೆ: ಯೋಜನೆ ಇಲ್ದಿದ್ರೆ ಏನಾಗ್ತಿತ್ತು ಅಂತ ಯಾರನ್ನ ನೋಡಿ ಹೇಳೋದು? ಮೊದಲು ಇಷ್ಟು ಆಮೇಲೆ ಇಷ್ಟು ಅಂತ ಬರೆದ್ರೆ ಆಗಲ್ಲ, ಕೊರೋನಾ ಮುಗಿದ್ಮೇಲೆ ಬಸ್ಸಿಗೆ ಜನ ವಾಪಸ್ ಬರ್ತಾನೇ ಇದ್ರಲ್ಲ. ಗಂಡಸರ ಜೊತೆ ಹೋಲಿಸೋಣ ಅಂದ್ರೆ ರಶ್ ನೋಡಿ ಬೈಕ್ ತೆಗೆದವ್ರೂ ಇರ್ತಾರೆ, ಅಂದ್ರೆ ಯೋಜನೆ ಅವ್ರನ್ನೂ ಮುಟ್ಟಿದೆ. ಸರಿ, ಗಡಿ ಆಚೆ ನೋಡೋಣ, ಬೆಳಗಾವಿಗೆ ಕೊಲ್ಹಾಪುರ ಇಟ್ಕೊಳ್ಳೋಣ ಅಂದ್ರೆ ಮಹಾರಾಷ್ಟ್ರ ಅದೇ ವರ್ಷ ಮಾರ್ಚಲ್ಲೇ ತನ್ನ ಸರ್ಕಾರಿ ಬಸ್ಸಲ್ಲಿ ಹೆಣ್ಮಕ್ಕಳಿಗೆ ಅರ್ಧ ಟಿಕೆಟ್ ಮಾಡಿಬಿಟ್ಟಿತ್ತು, ಹೋಲಿಕೆ ಅಲ್ಲೇ ಕೆಡ್ತು. ತೆಲಂಗಾಣದಲ್ಲಿ ಫ್ರೀ ಬಂದಿದ್ದು ಅದೇ ವರ್ಷ ಡಿಸೆಂಬರ್ 9ಕ್ಕೆ, ಹಾಗಾಗಿ ನಮ್ಮ ಬೀದರ್ ಕಡೆ ಮತ್ತು ಗಡಿ ಆಚೆ ತೆಲಂಗಾಣದ ಜಹೀರಾಬಾದ್ ಕಡೆ ಇಟ್ಕೊಂಡ್ರೆ, ಇಲ್ಲಿ ಫ್ರೀ ಅಲ್ಲಿ ಇಲ್ಲ ಅನ್ನೋ ಹತ್ತಿರ ಹತ್ತಿರ ಆರು ತಿಂಗಳು ಸಿಗುತ್ತೆ. ಹೆಣ್ಮಕ್ಕಳ ಬಸ್ ಪ್ರಯಾಣ ಈ ಕಡೆ ಎಷ್ಟು ಏರ್ತು, ಆ ಕಡೆ ಎಷ್ಟು ಏರ್ತು, ಎರಡರ ವ್ಯತ್ಯಾಸ ತೆಗೀರಿ, ಡಿಫರೆನ್ಸ್ ಇನ್ ಡಿಫರೆನ್ಸಸ್ ಅಂದ್ರೆ ಇಷ್ಟೇ. ಆದ್ರೆ ಜೂನ್‌ಗೆ ಮುಂಚೆ ಎರಡೂ ಕಡೆ ಏರಿಳಿತ ಒಂದೇ ಥರ ಇತ್ತು ಅಂತ ತೋರಿಸ್ಬೇಕು, ಇದನ್ನ ಬಿಟ್ರೆ ಉತ್ತರ ಅರ್ಧಂಬರ್ಧ.

ಸರ್ವೆ ಬಸ್‌ಸ್ಟ್ಯಾಂಡಲ್ಲಿ ಮಾತ್ರ ಮಾಡ್ಬೇಡಿ, ಬಸ್ಸೇ ಬರದ ಹಳ್ಳಿಯವ್ರು ಅಲ್ಲಿ ಸಿಗಲ್ವಲ್ಲ, ಮನೆಮನೆ ಸ್ಯಾಂಪಲ್ ಬೇಕು. ಫಾರ್ಮ್ ಹಿಡ್ಕೊಂಡು ಹೋದ್ರೆ ಸರ್ಕಾರದವ್ರು ಅನ್ಕೊಂಡು "ಎಲ್ಲಾ ಚೆನ್ನಾಗೈತೆ ಬಿಡ್ರಿ" ಅಂದುಬಿಡ್ತಾರೆ, ಯಾಕಂದ್ರೆ ಎಲ್ಲಿ ಸೌಲಭ್ಯ ಕಿತ್ಕೊಳ್ತಾರೋ ಅನ್ನೋ ಭಯ. ಹಾಗಾಗಿ ಮೊದಲೇ ಚೆನ್ನಾಗಿದೆಯಾ ಅಂತ ಕೇಳ್ಬೇಡಿ, ಹೋದ ವಾರ ಎಲ್ಲೆಲ್ಲಿಗೆ ಹೋಗಿದ್ರಿ, ಯಾವ ಬಸ್ಸು, ಎಷ್ಟೊತ್ತು ಕಾದ್ರಿ ಅಂತ ಕೇಳಿ.