ಎದೆಮೂಳೆಯ ತಂತಿ, ಮೇಲಿನ ಗಾಯ

ಹೃದಯದ ಕವಾಟ ಬದಲಿಸಲು ಸರ್ಜನ್ ಸಾಮಾನ್ಯವಾಗಿ ಎದೆಮೂಳೆಯನ್ನು ಗರಗಸದಿಂದ ಉದ್ದಕ್ಕೆ ಸೀಳುತ್ತಾರೆ. ಕೆಲಸ ಮುಗಿದ ಮೇಲೆ ಆರೇಳು ಸ್ಟೀಲ್ ತಂತಿ ಹಾಯಿಸಿ, ಎರಡೂ ಹೋಳು ಕೂಡುವಂತೆ ಬಿಗಿದು, ತುದಿಗಳನ್ನು ಹುರಿ ಮಾಡಿ, ಮೊನೆಯನ್ನು ಒಳಕ್ಕೆ ಬಗ್ಗಿಸುತ್ತಾರೆ. ಎಕ್ಸ್‌ರೇಯಲ್ಲಿ ಎದೆಯ ನಡುವೆ ಸಾಲಾಗಿ ಕಾಣುವ ಬಿಳಿ ಗಂಟುಗಳು ಇವೇ.

ಮೂಳೆ ಅಲುಗದಂತೆ ಹಿಡಿಯುವುದಷ್ಟೇ ತಂತಿಯ ಕೆಲಸ. ಮೂಳೆ ಕೂಡಲು 6ರಿಂದ 8 ವಾರ, ಚೆನ್ನಾಗಿ ಗಟ್ಟಿಯಾಗಲು ಸುಮಾರು 3 ತಿಂಗಳು ಬೇಕು. ಅಷ್ಟರೊಳಗೆ ತಂತಿ ತುಂಡಾಗಬಹುದು. ಇಲ್ಲವೇ ಬೇಯಿಸಿದ ಮೊಟ್ಟೆಯನ್ನು ದಾರ ಕೊಯ್ಯುವ ಹಾಗೆ ಮೆತ್ತಗಿನ ಮೂಳೆಯನ್ನೇ ಕೊಯ್ಯಬಹುದು. ಜೋರು ಕೆಮ್ಮು ಇದಕ್ಕೊಂದು ಕಾರಣ. ಹಾಗೆಂದು ಕೆಮ್ಮು ತಡೆದರೆ ಕಫ ಕಟ್ಟುತ್ತದೆ. ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಏಳುವಾಗ ಮಗ್ಗುಲಿಗೆ ಹೊರಳಿ ಕಾಲು ಇಳಿಬಿಡಬೇಕು, ಮನೆಯವರು ತೋಳು ಹಿಡಿದು ಎಳೆಯಬಾರದು. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಬೈಕು ಸದ್ಯಕ್ಕೆ ಬೇಡ. ಮಗ್ಗುಲಾದಾಗ ಎದೆಯೊಳಗೆ ‘ಟಕ್’ ಎಂದರೆ ಮೂಳೆ ಅಲುಗುತ್ತಿರಬಹುದು, ತೋರಿಸಿ.

ಸ್ನಾನಕ್ಕೆ ಡಾಕ್ಟರು ಒಪ್ಪಿದ ಮೇಲೆ ಗಾಯಕ್ಕೆ ಸಾದಾ ಸೋಪಿನ ನೊರೆ, ಉಗುರುಬೆಚ್ಚಗಿನ ನೀರು ಸಾಕು. ಉಜ್ಜದೆ, ಒಗೆದ ಬಟ್ಟೆಯಿಂದ ಒತ್ತಿ ಒರೆಸಿ. ಅರಿಶಿನ, ಕೊಬ್ಬರಿ ಎಣ್ಣೆ, ಪೌಡರ್ ಯಾವುದೂ ಬೇಡ. ಬೆವರು ನಿಲ್ಲುವ ಕೆಳತುದಿಯನ್ನು ದಿನವೂ ಕನ್ನಡಿಯಲ್ಲಿ ನೋಡಿಕೊಳ್ಳಿ. ಸಂಕೋಚಕ್ಕೆ ಬಾಯಿಬಿಟ್ಟು ಹೇಳದ ಮಾತೊಂದಿದೆ: ಸ್ತನದ ಭಾರ ಹೊಲಿಗೆಯನ್ನು ಎರಡೂ ಕಡೆ ಜಗ್ಗುತ್ತದೆ, ಮುಂದೆ ಹುಕ್ ಇರುವ ಮೆತ್ತನೆಯ ಬ್ರಾ ತೊಟ್ಟರೆ ಆ ಎಳೆತ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಬೀಡಿ ಸಿಗರೇಟು ಬಿಡದವರಲ್ಲಿ ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕೂ ಹೆಚ್ಚು.

ಸುತ್ತ ಕೆಂಪೇರಿದರೆ, ಕೀವು ಬಂದರೆ ಆಪರೇಷನ್ ಆದ ಆಸ್ಪತ್ರೆಗೇ ಹೋಗಿ. ಜ್ವರ ಬಂದರಂತೂ ಮೆಡಿಕಲ್ ಶಾಪಿನ ಆ್ಯಂಟಿಬಯಾಟಿಕ್ ನುಂಗಲೇಬೇಡಿ. ರಕ್ತಕ್ಕಿಳಿದ ಬ್ಯಾಕ್ಟೀರಿಯಾ ಹೊಸ ಕವಾಟದ ಮೇಲೆ ಮನೆ ಮಾಡಿರಬಹುದು. ಅದು ಯಾವುದೆಂದು ತಿಳಿಯುವುದು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ರಕ್ತದ ಕಲ್ಚರ್‌ನಿಂದ. ನಾಲ್ಕು ಮಾತ್ರೆ ಮೊದಲೇ ಹೋಗಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು, ಸೋಂಕು ಮಾತ್ರ ಒಳಗೇ ಇರುತ್ತದೆ.

ಮೂಳೆ ಕೂಡಿದ ಮೇಲೂ ತಂತಿಯನ್ನು ತೆಗೆಯುವುದಿಲ್ಲ, ಸಾಮಾನ್ಯವಾಗಿ ಅದು ಜೀವನಪೂರ್ತಿ ಇರುತ್ತದೆ. ತೆಳ್ಳಗಿನವರಿಗೆ ಹುರಿಯ ತುದಿ ಚರ್ಮದಡಿ ಚುಚ್ಚುತ್ತಿದ್ದರೆ ಅದೊಂದನ್ನು ಸಣ್ಣ ಆಪರೇಷನ್ನಿನಲ್ಲಿ ತೆಗೆಯಬಹುದು. ಅದಕ್ಕೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ: ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ, ಚುಚ್ಚುವ ತಂತಿ ಅದರ ಮುಂದೆ ಏನೂ ಅಲ್ಲ.